ಬಿಸಿಲಿಗೆ ಮನೆಯಲ್ಲೇ ತರಕಾರಿ ಜ್ಯೂಸ್: ಮಾಡುವ ಮುನ್ನ ಒಂದು ಚೂರು ನಾಲಿಗೆಗೆ

ಯುಗಾದಿ ಕಳೆದರೆ ಸಾಕು, ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆ ಬೆಳಿಗ್ಗೆ ಹತ್ತು ಗಂಟೆಗೇ ಹೊಲದಲ್ಲಿದ್ದವರು ನೆರಳು ಹುಡುಕಬೇಕಾಗುತ್ತದೆ. ಆದವಾನಿ, ರಾಯದುರ್ಗ, ಮಡಕಶಿರಾ ಸೀಮೆಯಲ್ಲೂ ಇದೇ ಕಥೆ. ಕಾಸರಗೋಡಿನಲ್ಲಿ ಬಿಸಿಲಿನ ಅಂಕಿ ಅಷ್ಟು ಮೇಲೆ ಹೋಗುವುದಿಲ್ಲ. ಆದರೆ ಕಡಲ ಕಡೆಯ ತೇವದ ಗಾಳಿಯಲ್ಲಿ ಬೆವರು ಆರುವುದೇ ಇಲ್ಲ, ಸೆಖೆಗೆ ಜೀವ ಹೈರಾಣಾಗುತ್ತದೆ. ಹವಾಮಾನ ಇಲಾಖೆ ಬಿಸಿಗಾಳಿಯನ್ನು ಅಳೆಯುವಾಗ ಬಯಲು ಸೀಮೆಗೆ 40 ಡಿಗ್ರಿ ಸೆಲ್ಸಿಯಸ್, ಕರಾವಳಿಗೆ 37, ಗುಡ್ಡಗಾಡಿಗೆ 30 ಡಿಗ್ರಿ ಎಂದು ಬೇರೆ ಬೇರೆ ಗೆರೆ ಎಳೆದಿರುವುದು ಈ ವ್ಯತ್ಯಾಸಗಳಿಂದಾಗಿಯೇ.

ಬೇಸಿಗೆಯ ದಾಹಕ್ಕೆ ಗಡಿಯ ಊರುಗಳಲ್ಲಿ ಮದ್ದು ಹೊಸದೇನಲ್ಲ. ಮಜ್ಜಿಗೆ ಎಲ್ಲ ಕಡೆಯೂ ಇದೆ. ಮರಾಠಿಯವರಿಗೆ ಅದು ತಾಕ, ಮಠ್ಠಾ, ತೆಲುಗಿನವರಿಗೆ ಮಜ್ಜಿಗ, ತಮಿಳಿನವರಿಗೆ ನೀರ್‌ಮೋರ್, ಮಲಯಾಳಿಗಳಿಗೆ ಸಂಭಾರಂ. ಜೋಳದ ಅಂಬಲಿ, ರಾಗಿ ಅಂಬಲಿ, ಕಾಸರಗೋಡಿನ ಪುನರ್ಪುಳಿ ಶರಬತ್ತು ಕೂಡ ಹಳೆಯವೇ. ಇವುಗಳ ಸಾಲಿಗೆ ಈಗ ತರಕಾರಿ ಜ್ಯೂಸ್ ಸೇರಿಕೊಂಡಿದೆ. ಪೇಟೆಯ ಅಂಗಡಿಯಲ್ಲಿ ಲೋಟಕ್ಕೆ ಕೊಡುವ ಹಣದಲ್ಲಿ ಮನೆಯಲ್ಲಿ ನಾಲ್ಕು ಜನ ಕುಡಿಯಬಹುದು. ಮಿಕ್ಸಿ ಇಲ್ಲದಿದ್ದರೂ ಆಗುತ್ತದೆ, ಕರೆಂಟು ಹೋಗಿದ್ದರೂ ಆಗುತ್ತದೆ.

ಆದರೆ ಮೂರು ಮಾತು ಮರೆಯುವಂತಿಲ್ಲ. ಒಂದು, ತರಕಾರಿ ಕಹಿ ಇರಬಾರದು. ಎರಡು, ನೀರು ಶುದ್ಧವಿರಬೇಕು. ಮೂರು, ಬೆವರಿನಲ್ಲಿ ಹೋದ ಉಪ್ಪು ತಕ್ಕಷ್ಟು ಮರಳಬೇಕು. ಮೊದಲ ಮಾತನ್ನು ಮರೆತು ಪ್ರಾಣ ಕಳೆದುಕೊಂಡವರು ನಮ್ಮ ದೇಶದಲ್ಲೇ ಇದ್ದಾರೆ. ಆದ್ದರಿಂದ ಜ್ಯೂಸ್ ಮಾಡುವ ವಿಧಾನಕ್ಕಿಂತ ಮೊದಲು ಈ ವಿಷಯಗಳನ್ನು ತಿಳಿದುಕೊಳ್ಳುವುದು ಲೇಸು.

ಬೆವರಿನ ಲೆಕ್ಕ

ಮೈ ತನ್ನನ್ನು ತಾನು ತಂಪು ಮಾಡಿಕೊಳ್ಳುವುದು ಬೆವರಿನಿಂದ. ಬೆವರು ಆರುವಾಗ ಚರ್ಮದ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ಸುಡುಬಿಸಿಲಿನಲ್ಲಿ ಕಬ್ಬು ಕಡಿಯುವವರು, ಕಲ್ಲು ಒಡೆಯುವವರು, ಮನೆ ಕಟ್ಟುವವರು ಗಂಟೆಗೆ ಒಂದು ಲೀಟರಿನಷ್ಟು ಬೆವರು ಸುರಿಸುವುದುಂಟು. ಅದರ ಜೊತೆಗೆ ಉಪ್ಪಿನಂಶವೂ ಹೋಗುತ್ತದೆ. ಸಂಜೆ ಅಂಗಿಯ ಬೆನ್ನಿನ ಮೇಲೆ ಕಾಣುವ ಬಿಳಿ ಗೆರೆಗಳು ಆ ಉಪ್ಪೇ.

ಮುಳ್ಳುಸೌತೆ, ಬೂದುಗುಂಬಳ, ಸೋರೆಕಾಯಿ ಇವುಗಳ ತೂಕದಲ್ಲಿ ನೂರಕ್ಕೆ ಸುಮಾರು 95 ಪಾಲು ನೀರೇ. ಟೊಮೆಟೊದಲ್ಲಿ ಸುಮಾರು 94. ಜೊತೆಗೆ ಸ್ವಲ್ಪ ಪೊಟ್ಯಾಸಿಯಂ ಇರುತ್ತದೆ. ಬೆವರಿನಲ್ಲಿ ಹೆಚ್ಚಾಗಿ ಹೋಗುವ ಸೋಡಿಯಂ ಮಾತ್ರ ಈ ತರಕಾರಿಗಳಲ್ಲಿ ತೀರಾ ಕಡಿಮೆ. ಅದಕ್ಕೇ ಬಿಸಿಲಿನ ಜ್ಯೂಸಿಗೆ ಒಂದು ಚಿಟಿಕೆ ಉಪ್ಪು ಬೇಕು. ರುಚಿಗಾಗಿ ಮಾತ್ರವಲ್ಲ, ಅದರ ಕೆಲಸಕ್ಕಾಗಿಯೂ ಬೇಕು. ಸಕ್ಕರೆ ಸುರಿದ ಜ್ಯೂಸ್ ನಾಲಿಗೆಗೆ ಹಿತ, ದಾಹಕ್ಕೆ ಅಷ್ಟು ಹಿತವಲ್ಲ.

ಸಂತೆಯಲ್ಲಿ ಹೆಸರು ತಪ್ಪದಿರಲಿ

ಎರಡು ಭಾಷೆಯ ನಡುವೆ ಬದುಕುವವರಿಗೆ ತರಕಾರಿ ಹೆಸರಿನ ಗೊಂದಲ ಗೊತ್ತಿದ್ದದ್ದೇ. ಪಾಕವಿಧಾನ ಕನ್ನಡದಲ್ಲಿ ಓದಿ ಸಂತೆಯಲ್ಲಿ ಇನ್ನೊಂದು ಭಾಷೆಯಲ್ಲಿ ಕೇಳುವಾಗ ಬೇರೆಯದೇ ಕಾಯಿ ಚೀಲಕ್ಕೆ ಬೀಳಬಹುದು.

ಮುಳ್ಳುಸೌತೆ: ಹಸಿಯಾಗಿ ಕಚ್ಚಿ ತಿನ್ನುವ ಎಳೆ ಸೌತೆ. ಉತ್ತರದ ಕಡೆ ಸವತಿಕಾಯಿ. ಮರಾಠಿಯಲ್ಲಿ ಕಾಕಡಿ, ತೆಲುಗಿನಲ್ಲಿ ಕೀರ ದೋಸ, ತಮಿಳಿನಲ್ಲಿ ವೆಳ್ಳರಿಕ್ಕಾಯ್, ಉತ್ತರ ಕೇರಳದಲ್ಲಿ ಕಕ್ಕಿರಿ, ಗೋವೆಯ ಕೊಂಕಣಿಯಲ್ಲಿ ತವಶೆಂ. ತೆಲುಗಿನಲ್ಲಿ ಬರೀ ದೋಸಕಾಯ ಎಂದು ಕೇಳಿದರೆ ಪಪ್ಪು, ಪಚ್ಚಡಿಗೆ ಹಾಕುವ ಹಳದಿ ಗುಂಡು ಕಾಯಿ ಕೊಟ್ಟಾರು. ಕಾಸರಗೋಡಿನಲ್ಲಿ ಬರೀ ಸೌತೆ ಎಂದರೆ ಹೆಚ್ಚಾಗಿ ಸಾಂಬಾರಿಗೆ ಹಾಕುವ ಮಂಗಳೂರು ಸೌತೆ; ಮಲಯಾಳದಲ್ಲಿ ಅದು ವೆಳ್ಳರಿ.

ಬೂದುಗುಂಬಳ: ಮರಾಠಿಯಲ್ಲಿ ಕೋಹಳಾ, ತೆಲುಗಿನಲ್ಲಿ ಬೂಡಿದ ಗುಮ್ಮಡಿ, ತಮಿಳಿನಲ್ಲಿ ವೆಣ್ಪೂಸಣಿ ಅಥವಾ ನೀರ್ಪೂಸಣಿ, ಮಲಯಾಳದಲ್ಲಿ ಕುಂಬಳಙ್ಙ. ಕೇರಳದ ಕಡೆ ಕುಂಬಳ ಎಂದರೆ ಬೂದುಗುಂಬಳವೇ ಸಿಗುತ್ತದೆ. ಆಂಧ್ರದಲ್ಲಿ ಬರೀ ಗುಮ್ಮಡಿ ಎಂದರೆ ಸಿಹಿಗುಂಬಳ ಬರುತ್ತದೆ, ಅದು ಈ ಜ್ಯೂಸಿಗೆ ಆಗದು.

ಸೋರೆಕಾಯಿ: ಮರಾಠಿಯಲ್ಲಿ ದುಧಿ ಭೋಪಳಾ, ತೆಲುಗಿನಲ್ಲಿ ಸೊರಕಾಯ ಅಥವಾ ಆನಪಕಾಯ, ತಮಿಳಿನಲ್ಲಿ ಸುರೈಕ್ಕಾಯ್, ಮಲಯಾಳದಲ್ಲಿ ಚುರಕ್ಕ. ಇದರ ಬಗ್ಗೆ ಮುಂದೆ ಬೇರೆಯಾಗಿ ಹೇಳಲಾಗಿದೆ.

ಕಹಿ ಎಂದರೆ ಬೇಡ ಎಂದರ್ಥ

ಸೌತೆ, ಸೋರೆ, ಕುಂಬಳ, ಹೀರೆ, ಕಲ್ಲಂಗಡಿ ಎಲ್ಲವೂ ಒಂದೇ ಬಳ್ಳಿಯ ವಂಶದವು. ಹುಳು, ಪ್ರಾಣಿಗಳಿಂದ ತಮ್ಮನ್ನು ಕಾಪಾಡಿಕೊಳ್ಳಲು ಈ ವಂಶದ ಗಿಡಗಳು ಕುಕುರ್ಬಿಟಾಸಿನ್ ಎಂಬ ಕಹಿ ವಸ್ತುವನ್ನು ತಯಾರಿಸಿಕೊಳ್ಳುತ್ತವೆ. ಊಟಕ್ಕೆ ಬೆಳೆಸುವ ತಳಿಗಳಲ್ಲಿ ಅದು ಬಹಳ ಕಡಿಮೆ. ಆದರೆ ನೀರಿನ ಕೊರತೆ, ಅತಿ ಬಿಸಿಲಿಗೆ ಸಿಕ್ಕ ಬಳ್ಳಿಯಲ್ಲಿ ಅದು ಹೆಚ್ಚಬಹುದು. ಬೇಲಿಯ ಕಾಡುಸೋರೆಯ ಪರಾಗ ತಾಗಿದ ಕಾಯಿಯ ಬೀಜವನ್ನು ಮರುವರ್ಷ ಬಿತ್ತಿದರೂ ಕಹಿ ಕಾಯಿ ಬರಬಹುದು. ಹೊರಗಿನಿಂದ ನೋಡಿದರೆ ಒಳ್ಳೆಯ ಕಾಯಿಗೂ ಕಹಿ ಕಾಯಿಗೂ ವ್ಯತ್ಯಾಸ ಕಾಣುವುದಿಲ್ಲ.

ಹೃದಯಕ್ಕೆ, ಸಕ್ಕರೆ ಕಾಯಿಲೆಗೆ ಒಳ್ಳೆಯದೆಂಬ ನಂಬಿಕೆಯಿಂದ ಖಾಲಿ ಹೊಟ್ಟೆಗೆ ಸೋರೆಕಾಯಿ ರಸ ಕುಡಿಯುವ ರೂಢಿ ದೇಶದ ಹಲವೆಡೆ ಬೆಳೆಯಿತು. 2010ರಲ್ಲಿ ದೆಹಲಿಯಲ್ಲಿ ಸೋರೆ ಮತ್ತು ಹಾಗಲದ ರಸ ಸೇರಿಸಿ ಕುಡಿದ ಒಬ್ಬರು ತೀರಿಕೊಂಡದ್ದು ದೊಡ್ಡ ಸುದ್ದಿಯಾಯಿತು. ಆ ಬಳಿಕ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿ ಇಂಥ ಪ್ರಕರಣಗಳನ್ನು ಪರಿಶೀಲಿಸಿತು. ಅದರ ಸಲಹೆ ಸರಳವಾಗಿದೆ:

- ರಸ ತೆಗೆಯುವ ಮುನ್ನ ಸೋರೆಕಾಯಿಯ ಒಂದು ಸಣ್ಣ ಚೂರು ರುಚಿ ನೋಡಬೇಕು. ಕಹಿ ಇದ್ದರೆ ಇಡೀ ಕಾಯಿ ಎಸೆಯಬೇಕು.
- ಕಹಿಯಾದ ರಸವನ್ನು ಯಾವ ಕಾರಣಕ್ಕೂ ಕುಡಿಯಬಾರದು.
- ಸೋರೆ ರಸಕ್ಕೆ ಬೇರೆ ಯಾವ ರಸವನ್ನೂ ಬೆರೆಸಬಾರದು.
- ಕುಡಿದ ಮೇಲೆ ಹೊಟ್ಟೆ ತೊಳಸುವುದು, ವಾಂತಿ, ಭೇದಿ, ಸಂಕಟ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಬೆರೆಸಬಾರದು ಎನ್ನುವುದಕ್ಕೆ ಕಾರಣವಿದೆ. ಹಾಗಲದ ಕಹಿ ಸಹಜ. ಅದರ ಜೊತೆ ಸೋರೆಯ ವಿಷದ ಕಹಿ ಸೇರಿದರೆ ನಾಲಿಗೆಗೆ ಬೇರ್ಪಡಿಸಿ ಹೇಳಲು ಬರುವುದಿಲ್ಲ. ನಿಂಬೆ, ಬೆಲ್ಲ, ಶುಂಠಿ ಹಾಕಿದರೂ ಅದೇ ಗತಿ, ಎಚ್ಚರಿಕೆಯ ಗಂಟೆ ಮುಚ್ಚಿಹೋಗುತ್ತದೆ. ಈ ವಿಷಕ್ಕೆ ನೇರ ಪ್ರತಿಮದ್ದು ಇಲ್ಲ. ಬೇಯಿಸಿದರೂ ಅದು ಹೋಗುವುದಿಲ್ಲ. ಹಾಗಾಗಿ ಕಹಿ ಸೋರೆಯನ್ನು ಪಲ್ಯ ಮಾಡುವುದೂ ಸರಿಯಲ್ಲ, ದನಕ್ಕೆ ಹಾಕುವುದೂ ಸರಿಯಲ್ಲ. "ದುಡ್ಡು ಕೊಟ್ಟು ತಂದದ್ದು" ಎಂದು ಮನಸ್ಸು ಹಿಂಜರಿಯುತ್ತದೆ. ಆದರೆ ಒಂದು ಕಾಯಿಯ ಬೆಲೆ ಎಷ್ಟು, ಆಸ್ಪತ್ರೆಯ ಖರ್ಚು ಎಷ್ಟು?

ಮುಳ್ಳುಸೌತೆಯ ತುದಿ ಕತ್ತರಿಸಿ, ನೊರೆ ಬರುವವರೆಗೆ ಉಜ್ಜಿ ಕಹಿ ತೆಗೆಯುವ ಪದ್ಧತಿ ಎಲ್ಲರ ಮನೆಯಲ್ಲೂ ಇದೆ. ಸೌತೆಯಲ್ಲಿ ಕಹಿ ಹೆಚ್ಚಾಗಿ ತೊಟ್ಟಿನ ಕಡೆ ಮತ್ತು ಸಿಪ್ಪೆಯ ಕೆಳಗೆ ಇರುತ್ತದೆ ಎಂಬುದು ನಿಜ. ತೊಟ್ಟಿನ ಕಡೆಯಿಂದ ಎರಡು ಬೆರಳಿನಷ್ಟು ಕತ್ತರಿಸಿ ಬಿಸಾಡುವುದರಿಂದ ಅಲ್ಪಸ್ವಲ್ಪ ಕಹಿ ಕಳೆಯುತ್ತದೆ. ಆದರೆ ಉಜ್ಜಿದ ಮಾತ್ರಕ್ಕೆ ಕಾಯಿಯೊಳಗಿನ ಕಹಿ ಹೋಗುತ್ತದೆ ಎಂದು ನಂಬಬಾರದು. ಉಜ್ಜುವುದು ಉಜ್ಜಿ, ಆಮೇಲೆ ನಡುಭಾಗದ ಒಂದು ಚೂರು ಬಾಯಿಗೆ ಹಾಕಿ ನೋಡಿ. ಕಹಿ ಇದ್ದರೆ ಜ್ಯೂಸಿಗೆ ಬೇಡ. ನಾಲ್ಕು ಕಾಯಿ ಇದ್ದರೆ ನಾಲ್ಕನ್ನೂ ನೋಡಬೇಕು, ಒಂದು ಸಿಹಿ ಇದ್ದರೆ ಉಳಿದವೂ ಸಿಹಿ ಎಂದಲ್ಲ.

ನೀರು, ಪಾತ್ರೆ, ಮಂಜುಗಡ್ಡೆ

ಹಸಿ ಜ್ಯೂಸಿನಲ್ಲಿ ಬೆಂಕಿಯ ಕೆಲಸವಿಲ್ಲ. ಆದ್ದರಿಂದ ತರಕಾರಿಯ ಮಣ್ಣಿನಲ್ಲಿ, ನೀರಿನಲ್ಲಿ, ಕೈಯಲ್ಲಿ ಇದ್ದ ರೋಗಾಣು ನೇರವಾಗಿ ಹೊಟ್ಟೆ ಸೇರುತ್ತದೆ. ಬೇಸಿಗೆಯಲ್ಲಿ ಬಾವಿ, ಬೋರ್‌ವೆಲ್‌ಗಳ ನೀರು ತಳ ಕಂಡಾಗ, ಟ್ಯಾಂಕರ್ ನೀರು ಬಂದಾಗ ವಾಂತಿಭೇದಿ ಹೆಚ್ಚುವುದು ಹಳ್ಳಿಗಳಿಗೆ ಹೊಸದಲ್ಲ.

ಜ್ಯೂಸಿಗೆ ಹಾಕುವ ನೀರನ್ನು ಹಿಂದಿನ ರಾತ್ರಿಯೇ ಮಳ್ಳಿಸಿ, ಚೆನ್ನಾಗಿ ಕುದಿ ಬಂದ ಮೇಲೂ ಒಂದು ನಿಮಿಷ ಕುದಿಸಿ, ಮುಚ್ಚಿಟ್ಟು ಆರಿಸಿ. ಅದನ್ನು ತೊಳೆದ ಮಣ್ಣಿನ ಮಡಕೆಗೆ ಸುರಿದು, ಒದ್ದೆ ಬಟ್ಟೆ ಸುತ್ತಿ, ಗಾಳಿಯಾಡುವ ನೆರಳಿನಲ್ಲಿ ಇಟ್ಟರೆ ಬೆಳಗಾಗುವಷ್ಟರಲ್ಲಿ ತಣ್ಣಗಾಗಿರುತ್ತದೆ. ಬಯಲುಸೀಮೆಯ ಒಣಗಾಳಿಯಲ್ಲಿ ಮಡಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಕರಾವಳಿಯ ತೇವದಲ್ಲಿ ಅಷ್ಟು ತಂಪಾಗುವುದಿಲ್ಲ, ಅಲ್ಲಿ ಫ್ರಿಜ್ ಇದ್ದವರು ಬಳಸಬಹುದು. ಮಡಕೆಗೆ ಕೈ ಅದ್ದಬಾರದು, ಉದ್ದ ಹಿಡಿಕೆಯ ಸೌಟಿನಿಂದ ತೆಗೆಯಬೇಕು.

ತರಕಾರಿಯನ್ನು ಸಿಪ್ಪೆ ತೆಗೆಯುವ ಮೊದಲೇ ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಬೇಕು. ತೊಳೆಯದೆ ಸಿಪ್ಪೆ ತೆಗೆದರೆ ಹೊರಗಿನ ಕೊಳೆ ಚಾಕುವಿನ ಜೊತೆ ಒಳಗೆ ಹೋಗುತ್ತದೆ. ನಿಂಬೆ, ಮಜ್ಜಿಗೆ, ಟೊಮೆಟೊ ಸೇರಿದ ಯಾವುದನ್ನೂ ತಾಮ್ರದ ಪಾತ್ರೆಯಲ್ಲಾಗಲೀ, ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಾಗಲೀ ಇಡಬಾರದು. ಸ್ಟೀಲು, ಗಾಜು, ಮಣ್ಣಿನ ಪಾತ್ರೆ ಆಗಬಹುದು.

ಹೊರಗಿನಿಂದ ಮಂಜುಗಡ್ಡೆ ತಂದು ಹಾಕುವುದು ಬೇಡ. ಮೀನು, ಸಾಮಾನು ತಂಪಿಡುವ ಮಂಜುಗಡ್ಡೆಯನ್ನು ಕುಡಿಯುವ ನೀರಿನಿಂದಲೇ ಮಾಡಿರುತ್ತಾರೆಂಬ ಖಾತ್ರಿ ಇಲ್ಲ. ಇಂಥದ್ದು ಶರಬತ್ತಿಗೆ ಸೇರದಿರಲೆಂದೇ 2018ರಲ್ಲಿ ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತವು ತಿನ್ನಲು ಯೋಗ್ಯವಲ್ಲದ ಮಂಜುಗಡ್ಡೆಗೆ ನೀಲಿ ಬಣ್ಣ ಬೆರೆಸಬೇಕೆಂದು ಆದೇಶ ಮಾಡಿತು.

ಮುಳ್ಳುಸೌತೆ ಜ್ಯೂಸ್

ಎಲ್ಲರ ಕೈಗೆ ಎಟಕುವ, ಎಲ್ಲರಿಗೂ ಒಗ್ಗುವ ಜ್ಯೂಸ್ ಇದೇ.

ಬೇಕಾಗುವ ಸಾಮಗ್ರಿ (ನಾಲ್ಕು ಲೋಟಕ್ಕೆ): ಮಧ್ಯಮ ಗಾತ್ರದ ಎಳೆ ಮುಳ್ಳುಸೌತೆ 2 (ಸುಮಾರು 400 ಗ್ರಾಂ), ಕುದಿಸಿ ಆರಿಸಿದ ನೀರು ಅರ್ಧ ಲೀಟರ್, ನಿಂಬೆಹಣ್ಣು 1, ಉಪ್ಪು ಕಾಲು ಟೀ ಚಮಚ, ಹುರಿದು ಪುಡಿ ಮಾಡಿದ ಜೀರಿಗೆ ಕಾಲು ಟೀ ಚಮಚ, ಪುದೀನ 8-10 ಎಲೆ, ಶುಂಠಿ ಕಡಲೆಕಾಳಿನಷ್ಟು.

ಮಾಡುವ ವಿಧಾನ: ಸೌತೆಯನ್ನು ತೊಳೆದು ಎರಡೂ ತುದಿ ಕತ್ತರಿಸಿ, ಸಿಪ್ಪೆ ತೆಗೆಯಿರಿ. ಪ್ರತಿ ಕಾಯಿಯ ಚೂರನ್ನು ರುಚಿ ನೋಡಿ. ಬೀಜ ಬಲಿತಿದ್ದರೆ ಚಮಚದಿಂದ ಕೆರೆದು ತೆಗೆಯಿರಿ, ಎಳೆಯದಾದರೆ ಹಾಗೇ ಇರಲಿ. ಹೋಳು ಮಾಡಿ ಪುದೀನ, ಶುಂಠಿ, ಒಂದು ಲೋಟ ನೀರಿನ ಜೊತೆ ಮಿಕ್ಸಿಗೆ ಹಾಕಿ ನುಣ್ಣಗೆ ರುಬ್ಬಿ. ಉಳಿದ ನೀರು ಸೇರಿಸಿ ಜಾಲರಿಯಲ್ಲಿ ಸೋಸಿ. ಉಪ್ಪು, ಜೀರಿಗೆ ಪುಡಿ ಹಾಕಿ ಕಲಕಿ, ಕೊನೆಗೆ ನಿಂಬೆ ಹಿಂಡಿ. ನಿಂಬೆ ಬೀಜವನ್ನು ಮಿಕ್ಸಿಗೆ ಬೀಳಲು ಬಿಡಬೇಡಿ, ಅದು ಅರೆದರೆ ಬೇರೊಂದು ಕಹಿ ಬಂದು ಗೊಂದಲವಾಗುತ್ತದೆ.

ಮಿಕ್ಸಿ ಇಲ್ಲದವರು ಸೌತೆಯನ್ನು ತುರಿಯುವ ಮಣೆಯಲ್ಲಿ ತುರಿದು, ಅದಕ್ಕೆ ಉಪ್ಪು ಬೆರೆಸಿ ಹತ್ತು ನಿಮಿಷ ಬಿಡಿ. ಉಪ್ಪು ತಾನಾಗಿಯೇ ನೀರನ್ನು ಹೊರಗೆಳೆಯುತ್ತದೆ. ಕುದಿಸಿ ಒಣಗಿಸಿದ ಬಿಳಿ ಬಟ್ಟೆಯಲ್ಲಿ ಕಟ್ಟಿ ಹಿಂಡಿದರೆ ರಸ ಸುಲಭವಾಗಿ ಬರುತ್ತದೆ. ಪುದೀನ, ಶುಂಠಿಯನ್ನು ಕಲ್ಲಿನಲ್ಲಿ ಜಜ್ಜಿ ಸೇರಿಸಬಹುದು. ಉಳಿದ ತುರಿಯನ್ನು ಬಿಸಾಡಬೇಡಿ. ಮೊಸರು, ಒಗ್ಗರಣೆ ಹಾಕಿದರೆ ಮಧ್ಯಾಹ್ನದ ಊಟಕ್ಕೆ ಪಚಡಿ ಆಯಿತು, ಜೋಳದ ಹಿಟ್ಟಿಗೆ ಕಲಸಿದರೆ ಥಾಲಿಪೆಟ್ಟು ಆಯಿತು. ತುರಿಯಲ್ಲಿ ಉಪ್ಪು ಇರುವುದರಿಂದ ಮತ್ತೆ ಹಾಕುವಾಗ ಕೈ ಬಿಗಿ ಇರಲಿ.

ಮಜ್ಜಿಗೆ ಇದ್ದ ಮನೆಯಲ್ಲಿ ಅರ್ಧ ಲೀಟರ್ ನೀರಿನ ಬದಲು ಅಷ್ಟೇ ತೆಳು ಮಜ್ಜಿಗೆ ಹಾಕಿ, ನಿಂಬೆ ಬಿಟ್ಟುಬಿಡಿ. ಕರಿಬೇವು, ಹಸಿಮೆಣಸಿನಕಾಯಿಯ ಒಂದು ತುಂಡು ಸೇರಿದರೆ ಗಡಿಯ ಆಚೆಗೂ ಈಚೆಗೂ ಒಪ್ಪುವ ರುಚಿ. ಕೆಲಸಕ್ಕೆ ಹೋಗುವವರಿಗೆ ಇದು ಬರೀ ಜ್ಯೂಸಿಗಿಂತ ಹೊಟ್ಟೆಗೆ ಹೆಚ್ಚು ಆಧಾರ.

ಬೂದುಗುಂಬಳದ ಜ್ಯೂಸ್

ಹಬ್ಬಕ್ಕೆ ಒಡೆಯಲು, ಮನೆ ಮುಂದೆ ದೃಷ್ಟಿಗೆ ಕಟ್ಟಲು ಮಾತ್ರ ಬೂದುಗುಂಬಳ ಎಂದುಕೊಂಡವರಿದ್ದಾರೆ. ಮದುವೆ ಊಟದ ಕಾಶಿ ಹಲ್ವ ಇದರಿಂದಲೇ ಆಗುವುದು. ಬಲಿತ ಕಾಯಿಯನ್ನು ಗಾಯವಾಗದಂತೆ ಒಣ ಜಾಗದಲ್ಲಿ ಇಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ತರಕಾರಿ ತುಟ್ಟಿಯಾಗುವ ಬೇಸಿಗೆಯಲ್ಲಿ ಇದೊಂದು ದೊಡ್ಡ ಅನುಕೂಲ.

ಬೇಕಾಗುವ ಸಾಮಗ್ರಿ (ಮೂರು ಲೋಟಕ್ಕೆ): ಸಿಪ್ಪೆ, ಬೀಜ ತೆಗೆದ ಬೂದುಗುಂಬಳದ ಹೋಳು ಅರ್ಧ ಕಿಲೋ, ನೀರು ಒಂದು ಲೋಟ, ನಿಂಬೆ ಅರ್ಧ ಹೋಳು, ಉಪ್ಪು ಎರಡು ಚಿಟಿಕೆ, ಕಾಳುಮೆಣಸಿನ ಪುಡಿ ಒಂದು ಚಿಟಿಕೆ.

ಮಾಡುವ ವಿಧಾನ: ಕಾಯಿಯ ಮೇಲಿನ ಬೂದಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ತೊಳೆಯಿರಿ. ಹೆಚ್ಚಿದ ಮೇಲೆ ಒಂದು ಚೂರು ರುಚಿ ನೋಡಿ. ಒಳ್ಳೆಯ ಬೂದುಗುಂಬಳಕ್ಕೆ ಹೆಚ್ಚುಕಡಿಮೆ ರುಚಿಯೇ ಇರುವುದಿಲ್ಲ. ನೀರಿನ ಜೊತೆ ರುಬ್ಬಿ, ಬಟ್ಟೆಯಲ್ಲಿ ಸೋಸಿ, ಉಪ್ಪು, ಮೆಣಸಿನ ಪುಡಿ, ನಿಂಬೆ ಸೇರಿಸಿ. ಒಂದು ಕಾಯಿ ಒಂದೇ ದಿನ ಮುಗಿಯದಿದ್ದರೆ ಉಳಿದ ಭಾಗವನ್ನು ಮಜ್ಜಿಗೆ ಹುಳಿಗೆ ಬಳಸಿ. ಕತ್ತರಿಸಿದ ಮೇಲೆ ಅದರ ಆಯುಷ್ಯ ಮೊದಲಿನಂತೆ ಇರುವುದಿಲ್ಲ.

ಮಂಗಳೂರು ಸೌತೆಯ ತಿರುಳಿನ ಪಾನಕ

ಕಾಸರಗೋಡು ಕಡೆಯ ಮನೆಗಳಲ್ಲಿ ಮಂಗಳೂರು ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ಅಟ್ಟದಿಂದ ಇಳಿಬಿಟ್ಟು ಮಳೆಗಾಲದವರೆಗೆ ಇಡುವ ರೂಢಿ ಇದೆ. ಸಾಂಬಾರಿಗೆ ಹೋಳು ಹೆಚ್ಚುವಾಗ ಒಳಗಿನ ಬೀಜದ ತಿರುಳು ಉಳಿಯುತ್ತದೆ. ಅದನ್ನು ಬಿಸಾಡುವ ಬದಲು ಪಾನಕ ಮಾಡಬಹುದು. ಒಂದು ಹಣ್ಣಾದ ಸೌತೆಯ ತಿರುಳನ್ನು ಎರಡು ಲೋಟ ನೀರಿನಲ್ಲಿ ಕೈಯಿಂದ ಚೆನ್ನಾಗಿ ಕಿವುಚಿ ಸೋಸಿ. ಒಂದು ದೊಡ್ಡ ಚಮಚ ಪುಡಿಬೆಲ್ಲ, ಒಂದು ಚಿಟಿಕೆ ಉಪ್ಪು, ಏಲಕ್ಕಿ ಸೇರಿಸಿದರೆ ಮುಗಿಯಿತು. ಖರ್ಚಿಲ್ಲದ ಪಾನಕ ಇದು. ಇಲ್ಲಿಯೂ ಮೊದಲು ತಿರುಳಿನ ರುಚಿ ನೋಡಿ, ಬೆಲ್ಲ ಹಾಕಿದ ಮೇಲೆ ನೋಡಿ ಪ್ರಯೋಜನವಿಲ್ಲ.

ಟೊಮೆಟೊ, ಗಜ್ಜರಿ, ಬೀಟ್‌ರೂಟ್

ಹೊಸೂರು ಬಳಿಯ ರಾಯಕೋಟೆಯಂಥ ಟೊಮೆಟೊ ಸೀಮೆಯಲ್ಲಿ ಬೆಲೆ ಬಿದ್ದಾಗ ಬೆಳೆದವರೇ ಹಣ್ಣನ್ನು ರಸ್ತೆ ಬದಿಗೆ ಸುರಿದದ್ದುಂಟು. ಅಂಥ ದಿನಗಳಲ್ಲಿ ಮನೆಯಲ್ಲಿ ಜ್ಯೂಸ್ ಮಾಡಿಕೊಳ್ಳುವುದು ಜೇಬಿಗೂ ಹಗುರ. ನೀಲಗಿರಿಯ ಗಜ್ಜರಿ, ಬೀಟ್‌ರೂಟ್ ಗಡಿಯ ಎಲ್ಲ ಸಂತೆಗಳಿಗೂ ಇಳಿದು ಬರುತ್ತವೆ.

ಟೊಮೆಟೊ-ಗಜ್ಜರಿ: ನಾಲ್ಕು ಹಣ್ಣಾದ ಟೊಮೆಟೊವನ್ನು ಕುದಿಯುವ ನೀರಿಗೆ ಒಂದು ನಿಮಿಷ ಹಾಕಿ ತೆಗೆದರೆ ಸಿಪ್ಪೆ ತಾನೇ ಬಿಡುತ್ತದೆ. ಒಂದು ತುರಿದ ಗಜ್ಜರಿ, ಎರಡು ಲೋಟ ತಣ್ಣೀರಿನ ಜೊತೆ ರುಬ್ಬಿ ಸೋಸಿ. ಎರಡು ಚಿಟಿಕೆ ಉಪ್ಪು, ಜೀರಿಗೆ ಪುಡಿ ಹಾಕಿ. ಹುಳಿ ಇರುವುದರಿಂದ ನಿಂಬೆ ಬೇಡ.

ಬೀಟ್‌ರೂಟ್: ಇದನ್ನು ಹಸಿಯಾಗಿ ಹಿಂಡಿದರೆ ಮಣ್ಣಿನ ವಾಸನೆ ಬರುತ್ತದೆ. ಸಿಪ್ಪೆಯ ಸಮೇತ ಬೇಯಿಸಿ, ಆರಿದ ಮೇಲೆ ಸಿಪ್ಪೆ ತೆಗೆದು ಅರ್ಧ ಗಡ್ಡೆಯನ್ನು ಮೂರು ಲೋಟ ಮಜ್ಜಿಗೆಗೆ ರುಬ್ಬಿದರೆ ಮಕ್ಕಳೂ ಕುಡಿಯುತ್ತಾರೆ. ಕುಡಿದ ಮರುದಿನ ಕೆಲವರಿಗೆ ಮೂತ್ರ ಕೆಂಪಾಗುತ್ತದೆ. ಅದು ರಕ್ತವಲ್ಲ, ಗಡ್ಡೆಯ ಬಣ್ಣ. ಆದರೆ ಬೀಟ್‌ರೂಟ್ ತಿನ್ನದೆ ಹಾಗಾದರೆ ವೈದ್ಯರ ಬಳಿ ಹೋಗಬೇಕು.

ಎಷ್ಟು, ಯಾವಾಗ, ಎಷ್ಟು ಹೊತ್ತು

ಮನೆಯಲ್ಲಿ ಇರುವವರಿಗೆ ದಿನಕ್ಕೆ ಒಂದೆರಡು ಲೋಟ ಜ್ಯೂಸ್ ಸಾಕು, ಉಳಿದದ್ದು ನೀರು, ಮಜ್ಜಿಗೆ ಆಗಲಿ. ಬಿಸಿಲಿನಲ್ಲಿ ದುಡಿಯುವವರು ಬಾಯಾರಿಕೆಗೆ ಕಾಯದೆ 15-20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯುತ್ತಿರಬೇಕು. ಒಮ್ಮೆಲೇ ಚೊಂಬುಗಟ್ಟಲೆ ಕುಡಿಯುವುದಕ್ಕಿಂತ ಇದು ಒಳ್ಳೆಯದು. ಉಪ್ಪು ಹಾಕಿದ ಜ್ಯೂಸ್ ಅಥವಾ ಮಜ್ಜಿಗೆಯನ್ನು ನಡುನಡುವೆ ಕುಡಿಯಬಹುದು. ಮೂತ್ರ ತಿಳಿಹಳದಿ ಇದ್ದರೆ ನೀರು ಸಾಕಷ್ಟು ಸಿಕ್ಕಿದೆ ಎಂದರ್ಥ. ಗಾಢ ಹಳದಿಯಾಗಿ ಕಡಿಮೆ ಬಂದರೆ ಸಾಲದು ಎಂದರ್ಥ.

ಜ್ಯೂಸನ್ನು ಮಾಡಿದ ಕೂಡಲೇ ಕುಡಿಯಬೇಕು. ಬೇಸಿಗೆಯ ಕಾವಿನಲ್ಲಿ ಫ್ರಿಜ್ ಇಲ್ಲದೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು. ಸುಡುಬಿಸಿಲಿದ್ದರೆ ಒಂದು ಗಂಟೆಯೇ ಹೆಚ್ಚು. ಬೆಳಿಗ್ಗೆ ಬಾಟಲಿಗೆ ತುಂಬಿ ಹೊಲಕ್ಕೆ ಒಯ್ದು ಮಧ್ಯಾಹ್ನ ಕುಡಿಯುವುದು ಸರಿಯಲ್ಲ. ಅಂಥವರು ಕುದಿಸಿ ಆರಿಸಿದ ನೀರು ಒಂದು ಬಾಟಲಿ, ತೊಳೆದ ಇಡೀ ಸೌತೆ, ಪುಡಿಕೆಯಲ್ಲಿ ಉಪ್ಪು-ಜೀರಿಗೆ ಒಯ್ದು, ಕಚ್ಚಿ ತಿಂದು ನೀರು ಕುಡಿಯಲಿ. ಜ್ಯೂಸಿನಲ್ಲಿ ಸೋಸಿ ಕಳೆಯುವ ನಾರೂ ಇದರಲ್ಲಿ ಸಿಗುತ್ತದೆ.

ಯಾರು ಎಚ್ಚರ ವಹಿಸಬೇಕು

- ಆರು ತಿಂಗಳೊಳಗಿನ ಕೂಸಿಗೆ ಎದೆಹಾಲು ಮಾತ್ರ. ಎಂಥ ಬಿಸಿಲಿದ್ದರೂ ಜ್ಯೂಸ್, ನೀರು ಬೇಡ, ಹಾಲನ್ನೇ ಹೆಚ್ಚು ಸಲ ಕೊಡಬೇಕು. ವರ್ಷ ತುಂಬುವವರೆಗೂ ಜ್ಯೂಸ್ ಬೇಡ.
- ಮೂತ್ರಪಿಂಡದ ತೊಂದರೆ ಇರುವವರಿಗೆ ಪೊಟ್ಯಾಸಿಯಂ ಹೆಚ್ಚಾದರೆ ಅಪಾಯ. ನೀರಿಗೂ ಮಿತಿ ಹೇಳಿರುತ್ತಾರೆ. ಟೊಮೆಟೊ, ಬೀಟ್‌ರೂಟ್ ಜ್ಯೂಸ್, ಎಳನೀರು ಕುಡಿಯುವ ಮುನ್ನ ವೈದ್ಯರನ್ನು ಕೇಳಬೇಕು. ಮೂತ್ರದಲ್ಲಿ ಕಲ್ಲು ಆಗುವವರಿಗೆ ಬೀಟ್‌ರೂಟ್ ಒಳ್ಳೆಯದಲ್ಲ.
- ರಕ್ತದೊತ್ತಡ, ಹೃದ್ರೋಗ ಇರುವವರು ಉಪ್ಪನ್ನು ತಾವಾಗಿ ಹೆಚ್ಚಿಸಬಾರದು. ಸೈಂಧವ ಲವಣವೂ ಉಪ್ಪೇ, ಅದರಲ್ಲೂ ಸೋಡಿಯಂ ಇದೆ.
- ಸಕ್ಕರೆ ಕಾಯಿಲೆ ಇರುವವರು ಬೆಲ್ಲ, ಸಕ್ಕರೆ ಹಾಕಿದ್ದನ್ನು ಬಿಡಬೇಕು. ಬೆಲ್ಲವಾದರೆ ಪರವಾಗಿಲ್ಲ ಎಂಬುದು ತಪ್ಪು ತಿಳಿವಳಿಕೆ. ಜ್ಯೂಸ್ ಕುಡಿದು ಮಾತ್ರೆ ಬಿಡುವುದಂತೂ ಕೂಡದು.

ಜ್ಯೂಸ್ ಸಾಲದ ಹೊತ್ತು

ತರಕಾರಿ ಜ್ಯೂಸ್ ಬಿಸಿಲಿಗೆ ಹಿತವೇ ಹೊರತು ಔಷಧಿಯಲ್ಲ. ವಾಂತಿಭೇದಿ ಆದಾಗ ಬೇಕಾದದ್ದು ಓಆರ್‌ಎಸ್. ಪೊಟ್ಟಣದ ಮೇಲೆ ಬರೆದಷ್ಟೇ ಶುದ್ಧ ನೀರಿಗೆ ಇಡೀ ಪೊಟ್ಟಣ ಸುರಿದು ಕಲಕಬೇಕು. ಅರ್ಧ ಪೊಟ್ಟಣ ಅಂದಾಜಿನಲ್ಲಿ ಹಾಕುವುದು ಸರಿಯಲ್ಲ. ಕಲಕಿದ್ದನ್ನು 24 ಗಂಟೆಯೊಳಗೆ ಬಳಸಬೇಕು. ಅಂಗಡಿಯಲ್ಲಿ ಸಿಹಿ ಪಾನೀಯಗಳನ್ನೂ ಓಆರ್‌ಎಸ್ ಹೆಸರಿನಲ್ಲಿ ಮಾರುತ್ತಿದ್ದುದರಿಂದ, ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಇಲ್ಲದ ಪಾನೀಯಗಳು ಆ ಹೆಸರು ಬಳಸಬಾರದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿದೆಯೇ ನೋಡಬೇಕು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾದ 6 ಟೀ ಚಮಚ ಸಕ್ಕರೆ, ಮಟ್ಟಸವಾದ ಅರ್ಧ ಟೀ ಚಮಚ ಉಪ್ಪು ಕರಗಿಸಿ ಕೊಡಬಹುದು. ಉಪ್ಪು ಇದಕ್ಕಿಂತ ಹೆಚ್ಚಾಗಬಾರದು.

ಬಿಸಿಲಿನಲ್ಲಿ ಇದ್ದವರಿಗೆ ತಲೆಸುತ್ತು, ಸ್ನಾಯು ಸೆಳೆತ, ಸುಸ್ತು ಬಂದರೆ ನೆರಳಿಗೆ ಕರೆತಂದು, ಬಟ್ಟೆ ಸಡಿಲಿಸಿ, ಕುಡಿಯಲು ಕೊಡಬೇಕು. ಮಾತು ತೊದಲುವುದು, ಎಚ್ಚರ ತಪ್ಪುವುದು, ಮೈ ಕೆಂಡದಂತೆ ಸುಡುವುದು ಕಂಡರೆ ಅದು ಬಿಸಿಲಾಘಾತ. ಮೈ ಶಾಖ 40 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ, ಪ್ರಾಣಕ್ಕೆ ಅಪಾಯ. ಎಚ್ಚರವಿಲ್ಲದವರ ಬಾಯಿಗೆ ನೀರನ್ನಾಗಲೀ ಜ್ಯೂಸನ್ನಾಗಲೀ ಹಾಕಬಾರದು, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಮೈಗೆಲ್ಲ ನೀರು ಸುರಿದು ಗಾಳಿ ಬೀಸಬೇಕು, ಕಂಕುಳು, ಕುತ್ತಿಗೆ, ತೊಡೆಸಂದಿಗೆ ಒದ್ದೆ ಬಟ್ಟೆ ಇಡಬೇಕು, ತಡಮಾಡದೆ 108ಕ್ಕೆ ಫೋನ್ ಮಾಡಬೇಕು. ಕರ್ನಾಟಕ, ಕೇರಳ, ತಮಿಳುನಾಡು, ಆಂಧ್ರ, ತೆಲಂಗಾಣ, ಮಹಾರಾಷ್ಟ್ರ, ಗೋವಾ ಎಲ್ಲ ಕಡೆಯೂ ಆಂಬುಲೆನ್ಸಿಗೆ ಇದೇ ಸಂಖ್ಯೆ. ಗಡಿಯ ಊರಿನವರು ಯಾವ ರಾಜ್ಯದ ಆಸ್ಪತ್ರೆ ಹತ್ತಿರ ಎಂಬುದನ್ನು ಮೊದಲೇ ಮನೆಯವರಿಗೆಲ್ಲ ತಿಳಿಸಿಟ್ಟಿರುವುದು ಒಳ್ಳೆಯದು. ಆ ಹೊತ್ತಿನಲ್ಲಿ ಚರ್ಚೆಗೆ ಸಮಯವಿರುವುದಿಲ್ಲ.

ಊಟ ಬಲ್ಲವನಿಗೆ ರೋಗವಿಲ್ಲ ಎಂದು ಹಿರಿಯರು ಹೇಳಿದ್ದಾರೆ. ಬೇಸಿಗೆಯಲ್ಲಿ ಆ ಮಾತು ಕುಡಿಯುವುದಕ್ಕೂ ಸಲ್ಲುತ್ತದೆ. ಎರಡು ಸೌತೆ, ಒಂದು ನಿಂಬೆ, ಚಿಟಿಕೆ ಉಪ್ಪು, ಕುದಿಸಿ ಆರಿಸಿದ ನೀರು: ಇಷ್ಟರಲ್ಲಿ ಮನೆಮಂದಿಯ ದಾಹ ತಣಿಯುತ್ತದೆ. ರುಬ್ಬುವ ಮುನ್ನ ಒಂದು ಚೂರು ನಾಲಿಗೆಯ ಮೇಲಿಡುವುದಕ್ಕೆ ಅರೆ ನಿಮಿಷವೂ ಬೇಡ. ಅದನ್ನು ಮಕ್ಕಳಿಗೂ ಕಲಿಸಿಕೊಡಿ.